ಹುರಿಗೆ ಅಂಟಿದ ಬಳ್ಳಿಯ ನಂಜು

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನೇ ಇನ್ನೂ ತೊಟ್ಟಿಲಿಗೆ ಬಂದಿರಲಿಲ್ಲ ಆವಾಗ, ಕೆಂಪಹೊನ್ನಿ ಅಂತ ಒಬ್ಬಳು ಇದ್ಲಂತೆ. ಅವಳಿಗೆ ಸೊಂಟನೋವು ಬಂತು, ಯಾರೋ ಬೇಲಿ ಮೇಲಿನ ಈಶ್ವರಿ ಬಳ್ಳಿ ಅರೆದು ಕುಡಿ, ಗಿಡದ ಮದ್ದು ತಾನೇ, ಏನು ಮಾಡೀತು ಅಂದ್ರಂತೆ. ತಿಂಗಳುಗಟ್ಟಲೆ ಕುಡಿದ್ಲು. ಹೂಂ ಅನ್ನು ಮಗಾ, ಇಲ್ದಿದ್ರೆ ಕತೆ ಮುಂದಕ್ಕೆ ಹೋಗಲ್ಲ.

ಅವಳ ಮೈಯೊಳಗೆ ಎಳ್ಳುಕಾಳಿಗಿಂತ ಸಣ್ಣ ಮನೆಗಳು, ಎಣಿಸಕ್ಕಾಗಲ್ಲ ಅಷ್ಟು. ಒಂದೊಂದು ಮನೇಲೂ ಒಂದು ಜೋಡಿ ಹುರಿ. ಈ ಹುರೀಲಿ ಕೆಂಪು ಗಂಟಿದ್ರೆ ಆ ಹುರೀಲಿ ಎದುರಿಗೆ ಹಸಿರೇ, ಇಲ್ಲಿ ಬಿಳಿ ಇದ್ರೆ ಅಲ್ಲಿ ಕಪ್ಪೇ. ಮನೆ ಕಟ್ಟೋದು ಹೆಂಗೆ, ಸಾಕು ಅಂತ ನಿಲ್ಲಿಸೋದು ಯಾವಾಗ, ಎಲ್ಲಾ ಆ ಗಂಟಿನಲ್ಲೇ ಇತ್ತಂತೆ. ಮೂತ್ರಪಿಂಡದ ಒಂದು ಮನೇಲಿ ಮೂರು ಜನ ಅಕ್ಕತಂಗೀರು. ಹಿರಿಯೋಳು ಚೌಡಿ, ಹುರಿ ಸವರ್ಕೊಂಡು ಕಾವಲು ತಿರುಗೋಳು, ಎಲ್ಲಾದ್ರೂ ಉಬ್ಬಿದ್ರೆ ಕೂಗೋಳು. ನಡುವಿನೋಳು ಕಾಳಿ, ಕೆಟ್ಟಿದ್ದನ್ನ ಕತ್ತರಿಸಿ ಹೊಸದು ಹೆಣೆಯೋಳು. ಕಿರಿಯೋಳು ನೀಲಿ, ಹುರಿ ಮೇಲೆ ಕೂತು ಒಂದೊಂದೇ ಗಂಟು ಓದ್ತಾ, ಓದಿದಂಗೆ ಒಂದು ಎಳೆ ನೂತು ಮನೆಯೋರಿಗೆ ಕೊಡೋಳು, ಅದನ್ನ ನೋಡೇ ಅವರು ಕೆಲಸ ಮಾಡೋರು.

ಆಮೇಲೆ ಆ ಬಳ್ಳಿಯ ನಂಜು ಬಂದು ಒಂದು ಗಂಟಿಗೆ ಅಂಟ್ಕೊಂಡ್ತಂತೆ. ಕಳ್ಳ ನಂಜು, ಉಬ್ಬಲೇ ಇಲ್ಲ. ಚೌಡಿ ಸವರಿ, ನುಣ್ಣಗಿದೆ ಅಂತ ಮುಂದೆ ಹೋದ್ಲು. ನೀಲಿ ಮಾತ್ರ ಓದ್ತಾ ಓದ್ತಾ ಅಲ್ಲಿಗೆ ಬಂದು ನಿಂತುಬಿಟ್ಲಂತೆ. ಗಂಟು ಕೆಂಪೋ ಬಿಳಿಯೋ ಗೊತ್ತಾಗ್ಲಿಲ್ಲ.

ಮನೆಯೋರು ರೇಗಿದ್ರು, ಕೆಲಸ ನಿಂತಿದೆ, ಒಂದು ಗಂಟು ತಾನೇ, ಹಾರಿಸಿ ಓದೇ ಅಂತ. ನೀಲಿ ಅಲ್ಲಾಡ್ಲಿಲ್ಲ. ಪಕ್ಕದ ಮನೆಯೋರು ನಂಜಂಟಿದ ಗಂಟನ್ನ ಏನೋ ಒಂದು ಬಣ್ಣ ಅಂದ್ಕೊಂಡು ಅದರೆದುರಿಗೆ ಗಂಟು ಹಾಕಿದ್ದಕ್ಕೆ, ಸಾಕು ಅನ್ನೋ ಮಾತೇ ಕೆಟ್ಟು, ಮನೆ ಮೇಲೆ ಮನೆ ಬೆಳೆದು ಹುಣ್ಣಾಗಿ, ಕೊನೆಗೆ ಎಲ್ಲಾ ಕುಸಿದುಬಿದ್ದಿದ್ದನ್ನ ಅವಳು ಕಂಡಿದ್ಲಂತೆ. ಆಮೇಲೆ ಚೌಡಿ ಬಂದು, ನಾನು ಸವರಿದ ಹುರೀಲಿ ನೀನು ಹುಳುಕು ಹುಡುಕ್ತೀಯಾ ಅಂದ್ಲು. ನೀಲಿಗೆ ಅಳು ಬಂತು, ಅಳ್ತಾನೇ ಕಾಳೀನ ಕೂಗಿದ್ಲು.

ಕಾಳಿ ಕತ್ತರಿ ತಂದು ನೋಡಿದ್ಲು. ಗಂಟಿನ ಮೇಲೆ ನೀನೇ ಕೂತಿದೀಯಲ್ಲೇ, ನೀನೆದ್ರೆ ತಾನೇ ಕತ್ತರಿ ಆಡೋದು, ಎದ್ರೆ ನಿನ್ನೆಳೆ ಹರಿದುಹೋಗುತ್ತೆ ಅಂದ್ಲಂತೆ. ಮೊದಲ ಗಂಟಿಂದ ನೂತ್ಕೊಂಡು ಬಂದ ಎಳೆ ಅದು, ಇನ್ನೇನು ಮುಗೀತಿತ್ತು. ನೀಲಿ ಎಳೇನ ಒಂದ್ಸಲ ಕಣ್ಣಿಗೊತ್ಕೊಂಡು ಎದ್ದುಬಿಟ್ಲು. ಎಳೆ ಹರೀತು.

ಆಮೇಲೆ ಕಾಳಿ ನಂಜಿನ ಗಂಟನ್ನ ಅತ್ತಿತ್ತ ಒಂದಿಷ್ಟು ಹುರಿ ಸಮೇತ ಕತ್ತರಿಸಿ ಬಿಸಾಕಿದ್ಲಂತೆ. ಒಂದೇ ಹುರಿ ಮತ್ತೆ, ಎರಡನ್ನೂ ಕತ್ತರಿಸಿದ್ರೆ ಯಾವುದನ್ನ ನೋಡಿ ಹೆಣೀತಾಳೆ? ಎದುರು ಹುರಿ ನೋಡ್ಕೊಂಡು, ಅಲ್ಲಿ ಹಸಿರು ಇಲ್ಲಿ ಕೆಂಪು, ಅಲ್ಲಿ ಕಪ್ಪು ಇಲ್ಲಿ ಬಿಳಿ ಅಂತ ಹೆಣೆದು, ತುದಿ ಸೇರಿಸಿ ಬಿಗಿದ್ಲು. ಚೌಡಿ ತಂಗಿಗೆ ಹೊಸ ನೂಲು ತಂದುಕೊಟ್ಲಂತೆ. ನೀಲಿ ಮೊದಲ ಗಂಟಿಂದ ಮತ್ತೆ ಓದೋಕೆ ಕೂತ್ಲು.

ಕೆಂಪಹೊನ್ನಿ ಕಹಿ ತಾಳಲಾರದೆ ಬಳ್ಳಿ ಕುಡಿಯೋದು ಬಿಟ್ಲು, ಬದುಕಿದ್ಲು, ಮೊಮ್ಮಕ್ಕಳನ್ನ ಮಡಿಲಲ್ಲಿ ಆಡಿಸಿದ್ಲು. ತನಗೋಸ್ಕರ ಒಳಗೆ ಯಾರು ಎಳೆ ಹರ್ಕೊಂಡ್ರು ಅಂತ ಅವಳಿಗೆ ಸಾಯೋತನಕ ಗೊತ್ತಾಗ್ಲಿಲ್ಲ. ನಿನಗಾದ್ರೂ ಗೊತ್ತಿರಲಿ ಮಗಾ.

ಕತೆ ಮುಗೀತು, ಗಂಟು ಬಿಗೀತು.