ಸುಳಿ ಯಾರನ್ನು ಹುಡುಕುತ್ತದೆ

ಭೂಮಿಯ ಮಣ್ಣಿನ್ನೂ ಹಸಿಯಾಗಿದ್ದ ಕಾಲವದು, ಮಗಾ. ಆಗ ಅಕ್ಕತಂಗಿಯರಂಥ ಎರಡು ಹೊಳೆಗಳು ಒಂದೇ ಪಾತ್ರದಲ್ಲಿ ಪಕ್ಕಪಕ್ಕದಲ್ಲೇ ಹರಿಯುತ್ತಿದ್ದವು. ಅಕ್ಕ ಅರಿಸಿನದ ಹೊಳೆ, ತಂಗಿ ಸುಣ್ಣದ ಹೊಳೆ.

ಅರಿಸಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುತ್ತದಲ್ಲ? ಆದರೆ ಅವರದು ನಿಧಾನದ ನಡಿಗೆ. ಅಂಚಿಗೆ ಅಂಚು ತಾಕಿದಲ್ಲಿ ಮಾತ್ರ, ಬೆರಳಗಲದ ಒಂದು ಕೆಂಪು ಗೆರೆ. ಈಚೆ ಹಳದಿ, ಆಚೆ ಬಿಳಿ.

ಊರಿನ ಹೆಂಗಸರು ಆರತಿಗೆ ಆ ಗೆರೆಯಿಂದಲೇ ಕೆಂಪುನೀರು ತರುತ್ತಿದ್ದರು. ಚಿಪ್ಪಿನಲ್ಲಿ ತೆಗೆತೆಗೆದು ಒಂದು ತಂಬಿಗೆ ತುಂಬಲು ಅರ್ಧ ದಿನ ಬೇಕು. ಯಾರೂ ಗೊಣಗುತ್ತಿರಲಿಲ್ಲ.

ಒಂದು ದಿನ ಆ ಊರಿನ ಸಾತವ್ವನ ಮಗಳು ಎಳೆಗೂಸು ಎತ್ತಿಕೊಂಡು ತವರಿಗೆ ಬಂದಳು. ಕೆಂಪುನೀರು ನಿವಾಳಿಸಿ ದೃಷ್ಟಿ ತೆಗೆಯದೆ ಕೂಸು ಹೊಸ್ತಿಲು ದಾಟುವಂತಿಲ್ಲ. ಬಿಸಿಲೋ, ಸುಡುವ ಬಿಸಿಲು. ಕೂಸು ಅತ್ತೂ ಅತ್ತೂ ದನಿ ಸೋತಿತು. ಸಾತವ್ವ ಹೊಳೆಗೆ ಓಡಿದಳು.

"ಲಗೂ ಕೆಂಪಾಗ್ರೆವ್ವಾ!" ಎಂದಳು.

"ತಡೀ ಯವ್ವಾ," ಎಂದರು ಅಕ್ಕತಂಗಿಯರು. "ನಾವು ತಾಕಿದಲ್ಲಷ್ಟ ಕೆಂಪಾಗೂದು. ಚಿಪ್ಪು ತಗೊಂಡು ಕುಂದರು."

ಸಾತವ್ವ ಕೂರಲಿಲ್ಲ. ಬಂಡೆಯ ಕೆಳಗೆ ಮಲಗಿದ್ದ ಸುಳಿಯನ್ನು ಎಬ್ಬಿಸಿದಳು. "ಸುಳಿಯಪ್ಪಾ, ಬಾಣಂತಿ ಬಿಸಲಾಗ ನಿಂತಾಳ. ಒಂದ ಸುತ್ತು ಹಾಕೋ, ಒಂದ!"

"ಒಂದಕ್ಕ ನಿಂದ್ರಾಕ ನನಗ ಬರೂದಿಲ್ಲಬೇ," ಎಂದಿತು ಸುಳಿ. ಆದರೂ ಎದ್ದಿತು. ಕರೆದರೆ ಒಲ್ಲೆ ಎನ್ನಲು ಬಾರದ ಪೆದ್ದು ಅದು.

ಸುತ್ತಿತು. ಹಳದಿಯನ್ನು ಬಿಳಿಯೊಳಗೆ ಎಳೆಯಿತು, ಬಿಳಿಯನ್ನು ಹಳದಿಯೊಳಗೆ. ಅಗಲದ ಹೊಳೆಯನ್ನು ಪಟ್ಟಿಯಾಗಿ, ಪಟ್ಟಿಯನ್ನು ಎಳೆಯಾಗಿ, ಎಳೆಯನ್ನು ನೂಲಾಗಿ ಸೀಳಿತು. ಒಂದೇ ಇದ್ದ ಅಂಚು ಸಾವಿರವಾಯಿತು. ಸಾವಿರ ಕಡೆ ತಾಕಿ ಸಾವಿರ ಕಡೆ ಕೆಂಪು! ಕಣ್ಣು ಮಿಟುಕಿಸುವುದರೊಳಗೆ ದಡದಿಂದ ದಡಕ್ಕೆ ಕೆಂಪೇ ಕೆಂಪು.

ಸಾತವ್ವ ತಂಬಿಗೆ ತುಂಬಿಕೊಂಡು ಓಡಿದಳು. ಕೂಸು ಒಳಗೆ ಬಂತು, ಹಾಲು ಕುಡಿದು ಮಲಗಿತು. ಅವಳನ್ನು ಹೇಗೆ ಬೈಯಲಿ? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ಮರುದಿನ ಕೂಸಿನ ಮೈಗೆ ಅರಿಸಿನ ತರಲು ಹೋದರೆ ಹಳದಿ ಇಲ್ಲ. ಗೋಡೆಗೆ ಸುಣ್ಣ ತರಲು ಹೋದವರಿಗೆ ಬಿಳಿ ಇಲ್ಲ.

"ಅಕ್ಕಾ!" ಎಂದು ಕೂಗಿದಳು ಸಾತವ್ವ. "ತಂಗೀ!" ಎಂದು ಕೂಗಿದಳು. ಯಾರೂ ಓಗೊಡಲಿಲ್ಲ. ಇಬ್ಬರೂ ಇಲ್ಲದ ಮೇಲೆ ಯಾರು ಓಗೊಡಬೇಕು?

"ಹಿಂದಕ್ಕ ಸುತ್ತೋ ಸುಳಿಯಪ್ಪಾ," ಎಂದು ಅತ್ತಳು. ಸುಳಿ ಹಿಂದಕ್ಕೆ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಕೆಂಪು ಇನ್ನಷ್ಟು ಹದವಾಗಿ ಬೆರೆಯಿತೇ ಹೊರತು ಒಂದು ಹನಿ ಹಳದಿಯೂ ಬೇರೆಯಾಗಲಿಲ್ಲ.

ಹೆಂಗಸರು ಅರಿಸಿನದ ಕೊಂಬನ್ನು ನೆಲದಿಂದ ಅಗೆದು ತರುವುದನ್ನು ಕಲಿತರು. ಆರತಿಯ ನೀರನ್ನು ತಟ್ಟೆಯಲ್ಲೇ, ಬೇಕಾದಷ್ಟೇ ಕಲಸಿದರು. ಕೆಂಪು ಹೊಳೆ ಹರಿದು ಹರಿದು ಸಮುದ್ರ ಸೇರಿ, ಅದರ ಹಿಂದೆ ಬಣ್ಣವಿಲ್ಲದ ನೀರು ಬಂತು. ಸಾತವ್ವ ಮುದುಕಿಯಾಗಿ ತೀರಿಕೊಂಡಳು. ಸುಳಿಗೆ ಮಾತ್ರ ಸಾವಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಹೊಳೆಯ ಸುಳಿ ತೇಲಿ ಬಂದ ಹಳದಿ ಎಲೆಯನ್ನು ಎಳೆದುಕೊಂಡು, ಬಿಳಿ ನೊರೆಯನ್ನು ಎಳೆದುಕೊಂಡು, ಸುತ್ತಿ ಸುತ್ತಿ ನೋಡಿ, ಆ ಅಕ್ಕತಂಗಿಯರಲ್ಲವೆಂದು ತಿಳಿದ ಮೇಲೆ ಮೆಲ್ಲಗೆ ಬಿಟ್ಟುಬಿಡುತ್ತದೆ.