ಗೌಜಲಹಕ್ಕಿ ಮತ್ತು ಬೋರಲುಬಾಯಿಯ ಎಂಜಿನ್

ಒಂದು ಕಾಡಿನಲ್ಲಿ, ಬೇಲಿಯಂಚಿನ ಒಣಹುಲ್ಲಿನ ಮರೆಯಲ್ಲಿ, ಬೂದಕ್ಕ ಎಂಬ ಗೌಜಲಹಕ್ಕಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಹೋದ ಸಲದ ಮೊಟ್ಟೆಗಳನ್ನು ಹಾವು ನುಂಗಿತ್ತು. ಈ ಸಲದವಾದರೂ ಉಳಿಯಲಿ ಎಂದು ಅವಳು ನೀರು ಕುಡಿಯಲು ಹೋದರೂ ಓಡೋಡಿ ಬರುತ್ತಿದ್ದಳು.

ಬೇಲಿಯ ಆಚೆ ಮನುಷ್ಯರ ಬಯಲು. ಅಲ್ಲೊಂದು ಆಳವಾದ ಹೊಂಡ, ಹೊಂಡದಿಂದ ಒಂದು ಬದಿಗೆ ಹೊರಟ ಸಿಮೆಂಟಿನ ಕಾಲುವೆ. ಒಂದು ದಿನ ಉದ್ದನೆಯ ಲಾರಿ ಬಂತು. ಅದರ ಮೇಲಿದ್ದದ್ದನ್ನು ಕ್ರೇನು ಎತ್ತಿ, ಹೊಂಡದ ಮೇಲಿನ ಕಬ್ಬಿಣದ ಅಟ್ಟಕ್ಕೆ ನೇತುಹಾಕಿತು. ಗುಡಿಯ ಗಂಟೆಯಂತೆ ಬೋರಲು ಬಾಯಿ. ಹಂದಿಯ ಸಂಸಾರವೇ ಒಳಗೆ ಮಲಗಬಹುದು, ಅಷ್ಟು ಅಗಲ. ಅದು ರಾಕೆಟ್ಟಿನ ಎಂಜಿನ್ ಎಂದು ನಿಮಗೂ ನನಗೂ ಗೊತ್ತು. ಕಾಡಿನವರಿಗೆ ಏನು ಗೊತ್ತು, ಪಾಪ.

ಹುಣಸೆಮರದ ಕೆಳಗೆ ಸಭೆ ಸೇರಿತು.

"ಬೋರು ಕೊರೆಯೋ ಯಂತ್ರ ಇರಬೇಕು. ಬಾಯಿ ನೆಲಕ್ಕೇ ಇದೆಯಲ್ಲ," ಎಂದಿತು ಹಂದಿ.

"ಅಲ್ಲಪ್ಪ, ಅದು ತೋಪು. ಯಾರ ಮೇಲೆ ಹಾರಿಸ್ತಾರೋ," ಎಂದು ಮೊಲ ನಡುಗಿತು.

ಮುದಿ ಆಮೆಯನ್ನು ಕೇಳಿದರು. "ನನಗೆ ಗೊತ್ತಿಲ್ಲ ಮಕ್ಕಳೇ," ಎಂದಿತು ಆಮೆ. ಗೊತ್ತಿಲ್ಲ ಎನ್ನುವವರ ಮಾತು ಯಾರಿಗೆ ಬೇಕು? ಎಲ್ಲರೂ ನರಿಯ ಕಡೆ ತಿರುಗಿದರು.

ನರಿ ಗಂಟಲು ಸರಿಮಾಡಿಕೊಂಡಿತು. "ಬೇಲಿ ನುಸುಳಿ ಹೋಗಿ ಕಿವಿಯಾರೆ ಕೇಳಿ ಬಂದಿದ್ದೀನಿ. ಅದು ಕಾಡು ಸುಡೋ ಯಂತ್ರ. ಒಂದು ಸಲ ಉಸಿರು ಬಿಟ್ಟರೆ ಹೊಳೆಯ ಈಚೆ ಹುಲ್ಲುಕಡ್ಡಿಯೂ ಉಳಿಯಲ್ಲ. ಆ ಹೊಂಡದ ಹತ್ತಿರ ಯಾರೂ ಸುಳಿಯಬೇಡಿ. ಬೇಗ ಹೊಳೆ ದಾಟಿ."

"ನನ್ನ ಮೊಟ್ಟೆಗಳು?" ಎಂದಳು ನವಿಲಮ್ಮ.

"ನಾನಿದ್ದೀನಲ್ಲ ತಾಯಿ, ಕಾಯ್ತೀನಿ."

"ನರಿಯಣ್ಣ, ಕಾಡೇ ಸುಡೋದಾದರೆ ನೀನು ಯಾಕೆ ಹೋಗಲ್ಲ?" ಎಂದು ಬೂದಕ್ಕ ಮೆಲ್ಲಗೆ ಕೇಳಿದಳು.

"ನಂದೇನಮ್ಮ, ಒಂಟಿ ಜೀವ. ನಾಲ್ಕು ಜನಕ್ಕೆ ಉಪಕಾರವಾದರೆ ಸಾಕು," ಎಂದು ನರಿ ಹಲ್ಲುಕಿರಿಯಿತು.

ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಹೊಳೆಯ ಕಡೆ ಓಡಿದರು. ಬೂದಕ್ಕನೂ ಸ್ವಲ್ಪ ದೂರ ಓಡಿದಳು. ಮೊಟ್ಟೆ ಬಿಟ್ಟು ಹೋಗಲು ಕಾಲೇ ಬರಲಿಲ್ಲ. ತಿರುಗಿ ಬಂದು ಗೂಡಿನಲ್ಲಿ ಕೂತಳು.

ನರಿ ಆ ದಿನವೇ ನವಿಲಮ್ಮನ ಮೊಟ್ಟೆಗಳನ್ನು ಮುಗಿಸಿತು. ಆಮೇಲೆ ಸಿಮೆಂಟಿನ ಕಾಲುವೆಯಲ್ಲಿ ತಣ್ಣಗೆ ಮಲಗಿತು. ತಾನೇ ಹೆದರಿಸಿಟ್ಟ ಜಾಗ, ಯಾರು ಬರುತ್ತಾರೆ? ಇನ್ನು ಉಳಿದದ್ದು ಬೂದಕ್ಕನ ಗೂಡು. ಅವಳ ಮೈಗೆ ಒಣಹುಲ್ಲಿನದೇ ಬಣ್ಣ. ಅಲುಗದೆ ಕೂತರೆ ಗೂಡು ಎಲ್ಲಿದೆಯೆಂದು ಕಾಣದು. ಹೆದರಿ ಹಾರಿದಳೋ, ಮೊಟ್ಟೆಗಳು ನರಿಯ ಪಾಲು.

ಬಯಲಿನಲ್ಲಿ ದಿನವೂ ಸೈರನ್ ಕೂಗುತ್ತಿತ್ತು. ಮನುಷ್ಯರು ದೂರದ ಗೋಡೆಯ ಹಿಂದೆ ಓಡಿಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬರುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಅದು ಎಂಜಿನ್ ಉರಿಸಿ ನೋಡುವ ಮೊದಲಿನ ಬರೀ ಅಭ್ಯಾಸ. ಸೈರನ್ ಕೂಗಿದಾಗಲೆಲ್ಲ ನರಿ, "ಬೂದಕ್ಕಾ, ಇವತ್ತೇ ಸುಡೋದು, ಓಡಮ್ಮ," ಎಂದು ಕೂಗಿ ಹುಲ್ಲನ್ನೇ ನೋಡುತ್ತಿತ್ತು. ಯಂತ್ರಕ್ಕೆ ಹೆದರಬೇಕೋ ನರಿಗೆ ಹೆದರಬೇಕೋ ಬೂದಕ್ಕನಿಗೆ ತಿಳಿಯದು. ನರಿ ಇನ್ನೂ ಇಲ್ಲೇ ಇದೆ, ಅದು ಓಡಿಲ್ಲ ಎಂಬುದೊಂದನ್ನೇ ನೆನೆಸಿಕೊಂಡು, ಮೊಟ್ಟೆಗಳಿಗೆ ಮೈ ಒತ್ತಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಸೈರನ್ ಬಹಳ ಹೊತ್ತು ಕೂಗಿತು. ಕಾಲುವೆಯ ತುದಿಯಲ್ಲಿ ಮಲಗಿದ್ದ ನರಿ ಆಕಳಿಸಿತು. "ದಿನಾ ಸಾಯೋರಿಗೆ ಅಳೋರ್ಯಾರು," ಎಂದು ಮಗ್ಗುಲು ಬದಲಿಸಿತು.

ಆಗ ಎಂಜಿನ್ ಗರ್ಜಿಸಿತು.

ನೆಲ ಅದುರಿತು. ಮೊಟ್ಟೆಗಳು ಒಂದಕ್ಕೊಂದು ತಾಗಿದವು. ಬೂದಕ್ಕನಿಗೆ ತನ್ನ ಕೂಗೇ ಕೇಳಿಸಲಿಲ್ಲ. ನರಿ ಹೇಳಿದ್ದೇ ನಿಜ, ಎಲ್ಲ ಮುಗಿಯಿತು ಎಂದುಕೊಂಡಳು. ಆದರೂ ಏಳಲಿಲ್ಲ. ಹೋಗುವುದಾದರೆ ಎಲ್ಲರೂ ಒಟ್ಟಿಗೇ ಹೋಗೋಣ ಎಂದು ರೆಕ್ಕೆ ಅಗಲಿಸಿ ಮೊಟ್ಟೆಗಳ ಮೇಲೆ ಬಿದ್ದುಕೊಂಡಳು.

ಬೆಂಕಿ ಕಾಡಿನತ್ತ ಬರಲಿಲ್ಲ. ಬೋರಲು ಬಾಯಿಂದ ಹೊಂಡಕ್ಕೆ ಸುರಿಯಿತು, ಹೊಂಡದಿಂದ ಕಾಲುವೆಗೆ ನುಗ್ಗಿತು. ನರಿ ಒಂದೇ ನೆಗೆತಕ್ಕೆ ಹೊರಗೆ ಬಿತ್ತು. ಬಾಲ ಮಾತ್ರ ಸುಟ್ಟು ಕರಕಲಾಯಿತು. ಅರಚುತ್ತಾ ಓಡಿ ಹೊಳೆಗೆ ಧುಮುಕಿತು.

ದಡದ ಮೇಲೆ ಎಲ್ಲರೂ ಇದ್ದರು. ಬೆಂಕಿ ಹೊಂಡದಲ್ಲಷ್ಟೇ ಎದ್ದಿದ್ದನ್ನು ಅಲ್ಲಿಂದಲೇ ಕಂಡಿದ್ದ ಆಮೆ, ನರಿಯ ಸುಟ್ಟ ಬಾಲ ನೋಡಿ ಕೇಳಿತು, "ಹೊಂಡದ ಹತ್ತಿರ ಸುಳಿಯಬೇಡಿ ಅಂದವನು ನೀನೇ ಅಲ್ಲವೇ? ಅಲ್ಲಿ ನೀನು ಏನು ಮಾಡ್ತಿದ್ದೆ?"

ನವಿಲಮ್ಮ ತಕ್ಷಣ ತನ್ನ ಗೂಡಿಗೆ ಹಾರಿದಳು. ಅಲ್ಲಿ ಬರೀ ಒಡೆದ ಚಿಪ್ಪುಗಳಿದ್ದವು. ಅವಳ ಕೂಗು ಕೇಳಿದ ಮೇಲೆ ಯಾರೂ ವಿಚಾರಣೆ ಮಾಡಲಿಲ್ಲ. ಹಂದಿ ಕೋರೆ ಮುಂದೆ ಮಾಡಿತು. ಮೋಟುಬಾಲದ ನರಿ ಆ ಕಾಡನ್ನೇ ಬಿಟ್ಟು ಓಡಿತು.

ಕೆಲವು ದಿನ ಕಳೆದು ಬೂದಕ್ಕನ ಮೊಟ್ಟೆಗಳು ಒಡೆದು ಮರಿಗಳು ಬಂದವು. ಮತ್ತೆ ಸೈರನ್ ಕೂಗಿತು. "ಅಮ್ಮಾ, ಅದು ಯಾತಕ್ಕೆ ಇರೋದು?" ಎಂದು ಕೇಳಿತು ಒಂದು ಮರಿ.

"ನನಗೆ ಗೊತ್ತಿಲ್ಲ ಮಗಾ," ಎಂದಳು ಬೂದಕ್ಕ. "ಭಯ ಅಂತೂ ಆಗುತ್ತೆ. ಬಾ, ರೆಕ್ಕೆ ಕೆಳಗೆ ಬಾ."

ನೀತಿ: ಊರಿಗೆಲ್ಲ ಓಡಿ ಎಂದು ಹೆದರಿಸಿ ತಾನು ಮಾತ್ರ ಅಲ್ಲೇ ಉಳಿಯುವವನನ್ನು ನಂಬಬಾರದು, ಎಲ್ಲ ಗೊತ್ತು ಎಂದು ಸುಳ್ಳು ಹೇಳುವವನಿಗಿಂತ ಗೊತ್ತಿಲ್ಲ ಎಂದು ನಿಜ ಹೇಳುವವನೇ ಮೇಲು.