ಪದುಮಲೆಯ ನಿದ್ದೆಬಟ್ಟಲು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ತೆಗೆಯಲಾಗುವುದು!”

ಸಾರಿ ಸಾರಿ ಡಂಗುರದವನಿಗೇ ಆಕಳಿಕೆ. ಪಾಪ, ರಾಜಕುಮಾರಿಗೆ ಮಾತ್ರ ನಿದ್ದೆಯಿಲ್ಲ. ಹದಿನಾರಕ್ಕೆ ಎದೆಯೊಳಗೆ ದಿಗಿಲು ಹೊಕ್ಕಿತು. ಮನಸ್ಸು ನೊಂದ ಹರೆಯದವರನ್ನು ಇರಿಸುವ ಆರೈಕೆಮನೆಯಲ್ಲಿ ಮಲಗಿಸಿ ವೈದ್ಯರು ನಿದ್ದೆಕಷಾಯ ಕೊಟ್ಟರು. ಮೂರು ವರ್ಷವಾದರೂ ಬಟ್ಟಲು ಕೈಬಿಡಲಿಲ್ಲ. “ಇದರ ಕೈಗೆ ನಾನು ಹೇಗೆ ಸಿಕ್ಕೆ ಅಂತ ತಿಳಿದವನು ಬಿಡು ಅಂದರೆ ಬಿಡುತ್ತೇನೆ” ಎಂದಿದ್ದಳು.

ಆರೈಕೆಮನೆಯ ಬಟ್ಟೆಯನ್ನೂ ಅರಮನೆಯ ಬಟ್ಟೆಯನ್ನೂ ಒಗೆಯುವ ಮಡಿವಾಳರ ಮಾಚನೂ ಸೋತ ಬೆನ್ನು ಹೊತ್ತು ಸಭೆಗೆ ಬಂದ. ಅವಳ ಕಣ್ಣೀರಿನ ದಿಂಬು ಹಿಂಡಿ ಹಿಂಡಿ ಅವನಿಗೂ ಸಾಕಾಗಿತ್ತು.

“ಏಳು ದಿನಕ್ಕೆಂದು ಬಂದ ನೆಂಟ, ಈಗ ಮನೆಯ ಯಜಮಾನ. ಯಾರು?” ಎಂದಳು ಪದುಮಲೆ.

“ಮನೆಅಳಿಯ!” ಎಂದ ನೆರೆರಾಜ್ಯದ ಯುವರಾಜ. ಸಭೆ ನಕ್ಕಿತು, ಭಟರು ನಗಲಿಲ್ಲ, ಸೆರೆಮನೆಗೆ ಎಳೆದೊಯ್ದರು. “ಕಾಮ” ಎಂದ ಪಂಡಿತನೂ ಹೋದ.

“ಕಷಾಯ, ತಾಯಿ,” ಎಂದ ಮಾಚ. “ಕೊಡುವವರು ಕೊಟ್ಟರು, ಎಂಟನೆಯ ದಿನ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.”

“ಹೌದು. ಒಂದು ಮಾತೂ ಆಡದೆ ಬಟ್ಟಲು ಹಿಡಿಯಲು ಕಲಿಸಿದ ಗುರು ಯಾರು?”

ಮಾಚ ಹೆಗಲ ಮೇಲಿನ ವಸ್ತ್ರವನ್ನು ಹಿಂಡತೊಡಗಿದ. ಬಟ್ಟೆಯ ಗುಟ್ಟು ಒಗೆಯುವ ಕಲ್ಲು ದಾಟಬಾರದು ಎಂಬುದು ಅವನ ಕುಲದ ಕಟ್ಟು. ಹೇಳಿದರೆ ಕುಲಕ್ಕೆ ಹೊರಗು, ಹೇಳದಿದ್ದರೆ ತಲೆ ಹೊರಗು.

“ಏನೋ, ಮಾತು ಮರೆತೆಯಾ?” ಎಂದ ದೊರೆ.

“ಇಲ್ಲ ಬುದ್ಧಿ. ಹದಿನೈದು ವರ್ಷದಿಂದ ಮಹಾರಾಣಿಯವರ ದಿಂಬಿಗೂ ಅದೇ ಕಷಾಯದ ಕಂದು ಕಲೆ. ಮಗು ನೋಡುತ್ತ ಬೆಳೆಯಿತು.”

ರಾಣಿ ತಲೆ ತಗ್ಗಿಸಿದಳು.

“ಕೊನೆಯದು,” ಎಂದಳು ಪದುಮಲೆ. “ಒಂದೇ ಔಷಧಿ, ಒಂದೇ ಅಳತೆ. ಆರೈಕೆಮನೆಯ ಹತ್ತು ಮಂದಿಯಲ್ಲಿ ಏಳು ಜನ ಬಟ್ಟಲು ಬಿಟ್ಟರು, ನಾವು ಮೂವರು ಬಿಡಲಿಲ್ಲ. ನಮ್ಮಲ್ಲಿ ಇಲ್ಲದ್ದೇನು?”

“ಆ ಏಳು ಹಾಸುಬಟ್ಟೆಗಳ ಅಂಚಿನಲ್ಲಿ ಚಕ್ಕುಲಿ ಪುಡಿ, ತಮ್ಮತಂಗಿಯರ ಕಾಲಿನ ಮಣ್ಣು. ಒಗೆಯುವುದೇ ಕಷ್ಟ! ನಿಮ್ಮ ಮೂವರದು ಹಾಸಿದ ಹಾಗೇ ಇರುತ್ತಿತ್ತು. ಪಕ್ಕದಲ್ಲಿ ಕೂರುವವರು ಇರಲಿಲ್ಲ ತಾಯಿ.”

ಪದುಮಲೆ ಅತ್ತಳು. “ಬಿಡು ಅನ್ನು.”

“ಒಮ್ಮೆಗೇ ಬೇಡ, ಮೈ ತಡೆಯದು. ವೈದ್ಯರನ್ನು ಕೇಳಿ ಚಮಚ ಚಮಚವಾಗಿ ಅಳತೆ ಇಳಿಸಿ.”

“ನನ್ನದನ್ನೂ,” ಎಂದಳು ರಾಣಿ.

ದೊರೆ ಬೇಡಿಕೆ ಕೇಳಿದ. “ಹಿಡಿದವರನ್ನು ಬಿಡಿ ಬುದ್ಧಿ. ನನಗೆ ಎರಡು ದಿನ ರಜೆ ಕೊಡಿ.” ದೊರೆ ರಜೆಯ ಜೊತೆಗೆ ಹೊಳೆದಂಡೆಯ ಹೊಲವನ್ನೂ ಕೊಟ್ಟ. ಕುಲದವರು ಒಂದು ಊಟ ಹಾಕಿಸಿಕೊಂಡು ತಪ್ಪು ಮನ್ನಿಸಿದರು. ರಾಜಕುಮಾರಿಯನ್ನು ಮದುವೆಯಾದನೇ ಅನ್ನುತ್ತೀರಾ? ಅವನಿಗೆ ಆಗಲೇ ಹೆಂಡತಿ ಇದ್ದಳಲ್ಲ!

ಮೊದಲ ಚಮಚ ಕಡಿಮೆಯಾದ ರಾತ್ರಿ ತಾಯಿಗೂ ನಿದ್ದೆಯಿಲ್ಲ, ಮಗಳಿಗೂ ಇಲ್ಲ. ಒಂದೇ ಮಂಚದ ಮೇಲೆ ಕೂತು ಬೆಳಗಿನವರೆಗೂ ಪಗಡೆಯಾಡಿದರು. ಮೋಸದಾಟಕ್ಕೆ ಜಗಳವನ್ನೂ ಆಡಿದರು.